ಥಾರ್ನ್‌ಬರಿ ವಂಶದ ಕುದುರೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಮಾನವಿಲ್ಲ. ಗಾದೆ ಹೀಗಿಲ್ಲವಲ್ಲ ಎಂದು ತಕರಾರು ತೆಗೆಯುವವರು ಧಾರಾಳವಾಗಿ ತೆಗೆಯಲಿ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವ ನಾಡಿನಲ್ಲಿ ಈ ಒಂದು ಸಲ ಗಾದೆ ಸುಳ್ಳು, ಕಥೆ ನಿಜ. ಜುಲೈ ತಿಂಗಳ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಅಮೆರಿಕದ ಕ್ಯಾರಿ ಊರಿನ ತನ್ನ ಮನೆಯ ಬಚ್ಚಲ ಕನ್ನಡಿಯೆದುರು ಹಳದಿ ಟೀ ಶರ್ಟ್ ತೊಟ್ಟು ನಿಂತಿದ್ದ ಸಿದ್ಧಲಿಂಗೇಶನನ್ನು ಕೇಳಿದ್ದರೆ ಅವನೂ ಇದನ್ನೇ ಹೇಳುತ್ತಿದ್ದ, ಆದರೆ ಇನ್ಯಾರದೋ ದನಿಯಲ್ಲಿ. ಟೀ ಶರ್ಟಿನ ಎದೆಯ ಮೇಲೆ ಮುಂಗಾಲೆತ್ತಿ ನಿಂತ ಕುದುರೆ, ಅದರ ಸುತ್ತ ಮುಳ್ಳುಬಳ್ಳಿ, ಮೇಲೆ ಕಮಾನಿನಂತೆ ಬಾಗಿದ ದಪ್ಪ ಅಕ್ಷರಗಳಲ್ಲಿ ಥಾರ್ನ್‌ಬರಿ. ಕನ್ನಡಿಯಲ್ಲಿ ಅಕ್ಷರಗಳು ಹಿಂದುಮುಂದಾಗಿದ್ದವು, ಕುದುರೆ ಮಾತ್ರ ಯಾವ ಕಡೆಯಿಂದ ನೋಡಿದರೂ ಕುದುರೆಯಾಗಿಯೇ ಇತ್ತು. ಅದು ಹುಟ್ಟಿದ್ದೂ ಇದೇ ಬಚ್ಚಲಲ್ಲಿ. ಮಾರ್ಚ್ ತಿಂಗಳ ಒಂದು ಭಾನುವಾರ, ದನಿ ಚೆನ್ನಾಗಿ ಮೊಳಗುತ್ತದೆಂದು ಬಾಗಿಲು ಹಾಕಿಕೊಂಡು, ನಂಬರು ಕಾಣದ ಹಾಗೆ ಮಾಡಿ, ಪಕ್ಕದ ಮನೆಯ ರಾಸ್ಕೋ ಥಾರ್ನ್‌ಬರಿಯವರಿಗೆ ಫೋನ್ ಮಾಡಿದ್ದ, ತಾನು ಲಂಡನ್ನಿನ ವಂಶಾವಳಿ ಕಚೇರಿಯ ಸರ್ ಪೆರಿಗ್ರಿನ್ ಎಂದಿದ್ದ, ಕ್ರಿ.ಶ. ಸಾವಿರದ ಮುನ್ನೂರ ಹನ್ನೆರಡರಲ್ಲಿ ಬೇಟೆಗೆ ಹೋದ ರಾಜನ ಕುದುರೆ ಮುಳ್ಳುಪೊದೆಯಲ್ಲಿ ಸಿಕ್ಕಿಬಿದ್ದಾಗ ಬೇಲಿ ಕತ್ತರಿಸುವ ಒಬ್ಬ ಬಡವ ಬರಿಗೈಯಲ್ಲಿ ಮುಳ್ಳು ಸೀಳಿ ಅದನ್ನು ಬಿಡಿಸಿದನೆಂದೂ, ರಾಜ ಮೆಚ್ಚಿ ಆ ರಕ್ತ ಸುರಿಯುವ ಕೈ ಹಿಡಿದು ಥಾರ್ನ್‌ಬರಿ ಎಂಬ ಹೆಸರನ್ನೂ ಕುದುರೆಯ ಲಾಂಛನವನ್ನೂ ಕೊಟ್ಟನೆಂದೂ ಮೂಗಿನಲ್ಲಿ ಮಾತಾಡುತ್ತ ಹೇಳಿದ್ದ. ಎರಡನೆಯ ವಾಕ್ಯಕ್ಕೇ ಆ ಕಡೆಯಿಂದ ‘ಏ ಸಿಡ್, ಸಾಕು ಬಿಡೋ’ ಎಂಬ ಗದರಿಕೆ ಬರುತ್ತದೆಂದು ಕಾದಿದ್ದ. ಬಂದದ್ದು ‘ಯೆಸ್ ಸರ್. ಥ್ಯಾಂಕ್ಯೂ ಸರ್.’

‘ಆಯ್ತಾ ಅಲಂಕಾರ?’ ಬಾಗಿಲಾಚೆಯಿಂದ ಹೆಂಡತಿ ದಾಕ್ಷಾಯಿಣಿ. ‘ಚಿತ್ರಾನ್ನ ಆರಿ ಹೋಗ್ತಿದೆ. ಎರಡು ಟ್ರೇ ಕಾರಲ್ಲಿಡಿ ಬನ್ನಿ.’

‘ಬಂದೆ.’

‘ಹೇಳ್ಬಿಡಿ ಅಂತ ಅವತ್ತೇ ಬಡ್ಕೊಂಡೆ.’

‘ಹೇಳ್ತೀನಿ ಕಣೇ.’

‘ಯಾವಾಗ? ಅವ್ರ ಮೊಮ್ಮಕ್ಕಳ ಮದುವೇಲಾ?’

ಅವಳು ಹೇಳಿದ್ದು ಸರಿಯೇ. ಮಾರನೆಯ ದಿನವೇ ಹೇಳಬಹುದಿತ್ತು. ಮಾರನೆಯ ದಿನ ರಾಸ್ಕೋ ಎರಡು ಮನೆಗಳ ನಡುವಿನ ಹುಲ್ಲು ದಾಟಿ ಟೋಪಿ ಕೈಯಲ್ಲಿ ಹಿಡಿದು ಬಂದಿದ್ದರು. ಎಪ್ಪತ್ತೈದು ವರ್ಷದ ನೀಳ ಕಪ್ಪು ಮನುಷ್ಯ, ಮೂವತ್ತನಾಲ್ಕು ವರ್ಷ ಅಂಚೆಯವನಾಗಿ ಬೀದಿ ಸುತ್ತಿ ಈಗಲೂ ಸುಮ್ಮನೆ ನಿಲ್ಲಲಾರದ ಕಾಲು. ಸಿದ್ಧಲಿಂಗೇಶ ಮೊದಲು ಈ ಮನೆಗೆ ಬಂದ ಚಳಿಗಾಲದಲ್ಲಿ ಹೀಟರ್ ಕೆಟ್ಟಾಗ ಕೇಳದೆಯೇ ಟೂಲ್ ಬಾಕ್ಸ್ ತಂದವರು. ಮಗಳು ಹರಿಣಿಗೆ ಸೈಕಲ್ ಕಲಿಸಿದವರು. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತು, ಒಂದಕ್ಷರ ತಿಳಿಯದೆ, ಸಿದ್ಧಲಿಂಗೇಶ ಮಾಡಿದ ಮಂತ್ರಿ, ಪುರೋಹಿತ, ಬಸ್ ಕಂಡಕ್ಟರ್ ಮೂವರಿಗೂ ತೊಡೆ ತಟ್ಟಿ ನಕ್ಕವರು. ಅಂಥವರಿಗೆ ತನ್ನ ದನಿ ಗುರುತು ಸಿಗಲಿಲ್ಲವೆಂಬುದು ಮೊದಲ ದಿನ ಅವನಿಗೆ ಒಳಗೊಳಗೇ ಹೆಮ್ಮೆಯ ವಿಷಯವಾಗಿತ್ತು. ಈಗ ಕನ್ನಡಿಯಲ್ಲಿ ನೆನಪಾದಾಗ ಮುಖದಿಂದ ಕಣ್ಣು ತೆಗೆದ. ‘ನೀನು ಬರೆದ ಅರ್ಜಿಯಿಂದಲೇ ಆದದ್ದು ಸಿಡ್’ ಎಂದಿದ್ದರು ಅವರು. ಅರ್ಜಿಯೂ ಇರಲಿಲ್ಲ. ನಮ್ಮ ಹೆಸರು ಎಲ್ಲಿಂದ ಬಂತೋ ನೋಡು, ನೀನು ಕಂಪ್ಯೂಟರಿನವನು, ಈ ಸಲ ಕುಟುಂಬದ ಸಮಾವೇಶದ ಪುಸ್ತಿಕೆ ನನ್ನ ಪಾಲಿಗೆ ಬಂದಿದೆ ಎಂದು ಅವರು ಜನವರಿಯಿಂದ ಕೇಳುತ್ತಿದ್ದರು. ಸೋಮಾರಿತನಕ್ಕೆ ಲಂಡನ್ನಿಗೆ ಬರೆದಿದ್ದೇನೆ ಎಂದು ಒಂದು ಸುಳ್ಳು ಬಿಟ್ಟಿದ್ದ. ಆ ಸುಳ್ಳು ಮರಿ ಹಾಕಿತು, ಮರಿ ಕುದುರೆಯಾಯಿತು. ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ರಾಸ್ಕೋ, ‘ಅಟ್ಲಾಂಟದಲ್ಲಿ ನನ್ನ ಅಕ್ಕ ಇದ್ದಾಳೆ, ಹೆಡ್‌ಮಿಸ್ಟ್ರೆಸ್ ಆಗಿದ್ದವಳು. ಐವತ್ತು ವರ್ಷದಿಂದ ಅವಳ ಲೆಕ್ಕದಲ್ಲಿ ನಾನು ಹೆಗಲಿಗೆ ಚೀಲ ಹಾಕಿಕೊಂಡು ಊರ ನಾಯಿಗಳಿಗೆ ಹೆದರಿ ಓಡೋ ದಡ್ಡ ತಮ್ಮ. ಈ ಸಲ ನೋಡು’ ಎಂದು, ಮಳೆಯೂ ಇಲ್ಲದ ಬಿಸಿಲೂ ಇಲ್ಲದ ಆ ಮಾರ್ಚ್ ಬೆಳಕಿನಲ್ಲಿ ಹುಡುಗನ ಹಾಗೆ ಹಲ್ಲು ಬಿಟ್ಟರು. ಸಿದ್ಧಲಿಂಗೇಶ ತೆರೆದ ಬಾಯಿಯನ್ನು ಆಕಳಿಕೆ ಮಾಡಿಕೊಂಡ. ಅಷ್ಟು ಸಾಲದೆಂಬಂತೆ, ಅವರು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದಾಗ ‘ಹನ್ನೆರಡು ಇರಬೇಕು’ ಎಂದು ತಿದ್ದಿದ್ದ.

ಚಿತ್ರಾನ್ನದ ಟ್ರೇಗಳನ್ನು ಕಾರಿನ ಹಿಂದೆ ಇಡುವಾಗ ಬೆಳ್ಳಿ ಹಾಳೆಯ ಬಿಸಿ ಅಂಗೈಗೆ ತಾಗಿತು. ಅಂಚೆಪೆಟ್ಟಿಗೆಯ ಮೇಲೆ ಅವನ ಹೆಸರು, ಹೆಸರೆಂದರೆ ಅಪ್ಪನ ಹೆಸರು: ಬಸಲಿಂಗಪ್ಪ. ಇಪ್ಪತ್ತು ವರ್ಷದ ಹಿಂದೆ ಪಾಸ್‌ಪೋರ್ಟ್ ಆಫೀಸಿನ ಗುಮಾಸ್ತ ಸರ್‌ನೇಮ್ ಕಾಲಂ ಖಾಲಿ ಬಿಡಬೇಡ್ರೀ ಎಂದು ಗದರಿದಾಗ, ಇಲ್ಲದ ಮನೆತನದ ಹೆಸರಿಗೆ ಎಲ್ಲಿ ಹೋಗುವುದೆಂದು ಅಪ್ಪನನ್ನೇ ತುಂಬಿಸಿದ್ದ. ನಂಜನಗೂಡಿನಲ್ಲಿ ಇಡೀ ಊರು ಮೇಷ್ಟ್ರು ಎಂದೇ ಕರೆಯುತ್ತಿದ್ದ ಅಪ್ಪನ, ಅಮ್ಮನೂ ಬಾಯಲ್ಲಿ ಆಡದ ಆ ಹೆಸರನ್ನು ಇಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಬಬಲ್‌ಗಮ್ ಅಗಿಯುವ ಇಪ್ಪತ್ತರ ಹುಡುಗಿ ‘ಬ್ಯಾಸಲಿನ್‌ಗಾಪಾ’ ಎಂದು ಕೂಗಿದಾಗೆಲ್ಲ, ಸತ್ತ ಅಪ್ಪ ಪಂಚೆ ಸರಿಮಾಡಿಕೊಂಡು ಆ ಕುರ್ಚಿಯಿಂದ ಎದ್ದು ಬರುತ್ತಾರೇನೋ ಅನ್ನಿಸುತ್ತಿತ್ತು. ದಾಕ್ಷಾಯಿಣಿಯ ಪಾಡು ಇನ್ನೂ ಚೆಂದ. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದು ಎಂಬ ಮನೆಯಿಂದ ಬಂದವಳು, ಬ್ಯಾಂಕಿನ ಕೌಂಟರಿನಲ್ಲಿ ಲಾಸ್ಟ್ ನೇಮ್ ಎಂದಾಗ ಮೊದಲ ಸಲ ತುಟಿ ಕಚ್ಚಿಕೊಂಡು ಗಂಡನ ಕಡೆ ತಿರುಗಿದ್ದಳು. ಈ ಪ್ರಸಂಗವನ್ನು ಅವಳ ದನಿಯಲ್ಲೇ, ಸೆರಗಿಲ್ಲದಿದ್ದರೂ ಸೆರಗೆಳೆದುಕೊಂಡು, ಎಷ್ಟು ಪಾರ್ಟಿಗಳಲ್ಲಿ ಮಾಡಿ ತೋರಿಸಿದ್ದನೋ. ಸ್ನೇಹಿತರಾದ ಸುಮೈರಾ, ಇಜಾಜ್ ದಂಪತಿ ಹೊಟ್ಟೆ ಹಿಡಿದು ನಗುತ್ತಿದ್ದರು. ಅವರ ಇಬ್ಬರು ಮಕ್ಕಳಿಗೆ ಎರಡು ಬೇರೆ ಬೇರೆ ಸರ್‌ನೇಮುಗಳು, ಅದೂ ಒಂದು ಕಥೆ. ನಕ್ಕು ನಕ್ಕು ಸಿದ್ಧಲಿಂಗೇಶನ ತಲೆಯಲ್ಲಿ ಒಂದು ನಂಬಿಕೆ ಗಟ್ಟಿಯಾಗಿಬಿಟ್ಟಿತ್ತು: ಸರ್‌ನೇಮ್ ಎಂದರೆ ಫಾರ್ಮು ತುಂಬುವಾಗ ಆಗುವ ತಮಾಷೆ. ಯಾರದ್ದಾದರೂ ಅಷ್ಟೇ.

ಸಮಾವೇಶದ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಹರಿಣಿ ಪುಸ್ತಿಕೆ ಓದುತ್ತಿದ್ದಳು. ಹದಿನೈದು ವರ್ಷ, ಕನ್ನಡವನ್ನು ಬಿಸಿ ಕಾಫಿಯ ಹಾಗೆ ತುಟಿಯ ತುದಿಯಲ್ಲಿ ಹಿಡಿಯುತ್ತಾಳೆ. ‘ಅಪ್ಪಾ,’ ಎಂದಳು, ‘ಇಲ್ಲಿ ಸರ್ ಪೆರಿಗ್ರಿನ್ ಅಂತ ಇದೆ.’

ಸಿದ್ಧಲಿಂಗೇಶ ಸಿಗ್ನಲ್ಲಿನ ಕೆಂಪು ದೀಪವನ್ನು ಬಹಳ ಗಮನವಿಟ್ಟು ನೋಡಿದ.

‘ನಾನು ಚಿಕ್ಕವಳಿದ್ದಾಗ ಊಟ ಮಾಡ್ಸೋವಾಗ ನೀನು ಮಾಡ್ತಿದ್ಯಲ್ಲ, ಮೂಗು ಹಿಡ್ಕೊಂಡು? ಆ ಸರ್ ಪೆರಿಗ್ರಿನ್?’

ದಾಕ್ಷಾಯಿಣಿ ಕಿಟಕಿಯಾಚೆ ನೋಡತೊಡಗಿದಳು. ಪೈನ್ ಮರಗಳು, ಒಂದೇ ಅಚ್ಚಿನ ಮನೆಗಳು, ಮತ್ತೆ ಪೈನ್ ಮರಗಳು.

‘ಓ ಮೈ ಗಾಡ್. ಅಪ್ಪಾ. ನೀನಾ?’

‘ಸುಮ್ನೆ ತಮಾಷೆಗೆ ಕಣೋ ಪುಟ್ಟಾ. ಆಮೇಲೆ ಹೇಳಕ್ಕೆ ಆಗ್ಲಿಲ್ಲ. ಅಂಕಲ್ ಎಷ್ಟು ಖುಷಿಯಾಗಿದ್ರು ಅಂದ್ರೆ...’

‘ರಾಸ್ಕೋ ಅಂಕಲ್ ಬ್ಲ್ಯಾಕ್, ಅಪ್ಪಾ.’

‘ಅದಕ್ಕೇನೀಗ?’

‘ಅವ್ರಿಗೆ ಇಂಗ್ಲಿಷ್ ಹೆಸ್ರು ಹೆಂಗ್ ಬಂತು? ಯೋಚ್ನೆ ಮಾಡಿಲ್ವಾ? ಲೈಕ್, ಒಂದ್ಸಲಾನೂ?’ ಅವಳ ದನಿ ಏರಲಿಲ್ಲ, ಇಳಿಯಿತು. ‘ಎಯ್ತ್ ಗ್ರೇಡಲ್ಲಿ ಓದಿದ್ವಿ. ಯಾರು ಅವ್ರನ್ನ ಓನ್ ಮಾಡ್ತಿದ್ರೋ ಅವ್ರ ಹೆಸ್ರು.’

ಹಿಂದಿನ ಕಾರು ಹಾರ್ನ್ ಮಾಡಿತು. ದೀಪ ಹಸಿರಾಗಿ ಎಷ್ಟು ಹೊತ್ತಾಗಿತ್ತೋ. ಹದಿನೆಂಟು ವರ್ಷ ಈ ದೇಶದಲ್ಲಿ ಟ್ಯಾಕ್ಸ್ ಕಟ್ಟಿದ್ದ, ಎರಡು ಸಲ ವೋಟ್ ಹಾಕಿದ್ದ, ಹದಿನೆಂಟು ವರ್ಷವೂ ಆ ಹೆಸರು ಬೇರೆ, ಆ ಮುಖ ಬೇರೆ ಎಂದು ಎರಡು ಬೇರೆ ಕಪಾಟುಗಳಲ್ಲಿ ಇಟ್ಟುಕೊಂಡಿದ್ದ. ಒಂದು ಕಪಾಟಿನಲ್ಲಿ ಶಾಲೆಯಲ್ಲಿ ಕಲಿತ ಇಂಗ್ಲೆಂಡು: ರಾಜ, ಕುದುರೆ, ಬೇಲಿ. ಇನ್ನೊಂದರಲ್ಲಿ ಹೀಟರ್ ರಿಪೇರಿ ಮಾಡುವ ರಾಸ್ಕೋ. ನಡುವೆ ಒಂದು ಬಾಗಿಲಿರಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಬೇಲಿ ಕತ್ತರಿಸುವವನ ರಕ್ತ ಸುರಿಯುವ ಕೈಯನ್ನು ರಾಜನ ಕೈಯಲ್ಲಿಟ್ಟದ್ದು ತಾನೇ ಎಂಬುದು ನೆನಪಾಗಿ, ಸ್ಟೀರಿಂಗಿನ ಮೇಲಿನ ತನ್ನ ಕೈ ಬೆವತದ್ದನ್ನು ಪ್ಯಾಂಟಿಗೆ ಒರೆಸಿಕೊಂಡ. ಹರಿಣಿ ಪುಸ್ತಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಪಾರ್ಕ್ ಬರುವವರೆಗೂ ಅವಳು ಕಿವಿಗೆ ಹಾಡು ಹಾಕಿಕೊಳ್ಳಲಿಲ್ಲ ಎಂಬುದೇ ಅವನಿಗೆ ದೊಡ್ಡ ಶಿಕ್ಷೆಯಾಗಿತ್ತು.

ಕೆರೆಯ ಪಕ್ಕದ ಚಪ್ಪರದಡಿ ಎಂಬತ್ತು ಹಳದಿ ಕುದುರೆಗಳು. ಜಾರ್ಜಿಯಾ, ವರ್ಜೀನಿಯಾ, ಮೇರಿಲ್ಯಾಂಡ್, ಸೌತ್ ಕ್ಯಾರೊಲೈನಾ ನಂಬರಿನ ಕಾರುಗಳು ಸಾಲಾಗಿ ನಿಂತಿದ್ದವು. ಮಾಂಸ ಸುಡುವ ಹೊಗೆ, ಕಲ್ಲಂಗಡಿ, ಮಡಿಸುವ ಕುರ್ಚಿಗಳು, ತೊಡೆಯ ಮೇಲೆ ಕೂಸು ಕುಣಿಸುವ ಹೆಂಗಸರು. ಕೂಸಿನ ಎದೆಯ ಮೇಲೂ ಅಂಗೈಯಗಲದ ಕುದುರೆ. ರಾಸ್ಕೋ ದೂರದಿಂದಲೇ ಎರಡೂ ಕೈ ಎತ್ತಿದರು. ‘ನೋಡಿ, ನಮ್ಮ ಬೆಳ್ಳಗಿಲ್ಲದ ಇಂಗ್ಲೆಂಡಿನವನು ಬಂದ’ ಎಂದು ಎಲ್ಲರಿಗೂ ಕೇಳುವಂತೆ ಕೂಗಿ ಬೆನ್ನು ತಟ್ಟಿ, ಚಿತ್ರಾನ್ನದ ಟ್ರೇಗೆ ಮೇಜಿನ ನಟ್ಟನಡುವೆ ಜಾಗ ಮಾಡಿಸಿ, ಅಕ್ಕನ ಹತ್ತಿರ ಎಳೆದುಕೊಂಡು ಹೋಗಿ ಕೂರಿಸಿ, ಮತ್ಯಾರನ್ನೋ ಸ್ವಾಗತಿಸಲು ಓಡಿದರು.

ಅಕ್ಕ ಅರ್ನೆಸ್ಟೀನ್‌ಗೆ ಎಂಬತ್ತೊಂದು. ಬಿಳಿ ಸೂಟು, ಬಿಳಿ ಟೋಪಿ. ಹಳದಿ ಟೀ ಶರ್ಟನ್ನು ಮಡಿಕೆ ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡಿದ್ದರು. ಸಿದ್ಧಲಿಂಗೇಶನಿಗೆ ಅಪ್ಪನ ಶಾಲೆಯ ಇನ್‌ಸ್ಪೆಕ್ಟರ ಎದುರು ಕೂತಂತಾಯಿತು. ಅವರು ಅವನ ಎದೆಯ ಕುದುರೆಯನ್ನು ನೋಡಿದರು, ಆಮೇಲೆ ಅವನನ್ನು.

‘ಲಂಡನ್ನಿಗೆ ಬರೆದವನು ನೀನೇ ಅಲ್ಲವೆ?’

‘ಹೌದು ಮೇಡಂ’ ಎಂದ. ಅದೂ ಸುಳ್ಳು, ಬಾಯಿ ತಾನಾಗಿಯೇ ಹೇಳಿತು.

ಅವರು ಕೈಚೀಲದಿಂದ ಪ್ಲಾಸ್ಟಿಕ್ಕಿನಲ್ಲಿಟ್ಟ ಒಂದು ಹಾಳೆ ತೆಗೆದರು. ಹಳೆಯ ಕೈಬರಹದ ನಕಲು. ಮೇಲೆ ಒಂದೇ ಒಂದು ಹೆಸರು, ಥಾರ್ನ್‌ಬರಿ, ತಂಬಾಕು ತೋಟದ ಯಜಮಾನ. ಅದರ ಕೆಳಗೆ ಉದ್ದಕ್ಕೆ ಸಾಲುಗಳು: ಗಂಡು, ಮೂವತ್ತನಾಲ್ಕು. ಹೆಣ್ಣು, ಇಪ್ಪತ್ತೆರಡು. ಗಂಡು, ನಾಲ್ಕು. ಹೆಸರಿನ ಜಾಗದಲ್ಲಿ ಏನೂ ಇರಲಿಲ್ಲ. ‘ಇದು ಸಾವಿರದ ಎಂಟುನೂರ ಅರವತ್ತು,’ ಎಂದರು ಅವರು, ಪಾಠ ಮಾಡುವ ನಿಧಾನದಲ್ಲಿ. ‘ಈ ನಾಲ್ಕು ವರ್ಷದ್ದು ನನ್ನ ಅಜ್ಜನ ಅಪ್ಪ. ಹತ್ತು ವರ್ಷ ಬಿಟ್ಟು, ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ, ಜನಗಣತಿಯವನು ಬಂದ. ಆಗ ಹುಡುಗನಿಗೆ ಹದಿನಾಲ್ಕು. ಸರ್‌ನೇಮ್ ಏನು ಎಂದು ಕೇಳಿದ. ಏನಾದರೂ ಹೇಳಲೇಬೇಕಿತ್ತಲ್ಲ.’

ಸಿದ್ಧಲಿಂಗೇಶನ ನಾಲಿಗೆಯ ತುದಿಗೆ ಪಾಸ್‌ಪೋರ್ಟ್ ಆಫೀಸು ಬಂದು ನಿಂತಿತು. ನನ್ನದೂ ಹಾಗೇ ಮೇಡಂ, ಕಾಲಂ ಖಾಲಿ ಬಿಡಬೇಡ ಅಂದ ಗುಮಾಸ್ತ, ನಾನೂ ಏನೋ ಒಂದು ತುಂಬಿಸಿದೆ, ಎಂದು ಶುರುಮಾಡಿ, ಹಲ್ಲಿನ ಡಾಕ್ಟರ ಹುಡುಗಿಯ ದನಿ ಮಾಡಿ, ಇವರನ್ನೂ ನಗಿಸಿಬಿಡಬಹುದು, ಎಂಥೆಂಥವರನ್ನು ನಗಿಸಿದ್ದೇನೆ. ಬಾಯಿ ಅರ್ಧ ತೆರೆದೇಬಿಟ್ಟಿತ್ತು. ಅವನು ತುಂಬಿಸಿದ್ದು ಕೈಹಿಡಿದು ಶಾಲೆಗೆ ಕರೆದೊಯ್ದ ಅಪ್ಪನ ಹೆಸರನ್ನು. ಆ ಹುಡುಗ ತುಂಬಿಸಿದ್ದು ಯಾರ ಹೆಸರನ್ನು? ಅವನಿಗೂ ಅಪ್ಪನಿದ್ದನಲ್ಲ, ಮೇಲಿನ ಸಾಲಿನ ಆ ಮೂವತ್ತನಾಲ್ಕು ಅವನೇ ಇರಬಹುದು, ಅಪ್ಪನಿಗೆ ಅವನು ಏನೆಂದು ಕರೆಯುತ್ತಿದ್ದ? ತೆರೆದ ಬಾಯಿಯನ್ನು ಮುಚ್ಚಿಕೊಂಡಾಗ ಹಲ್ಲು ತಾಗಿದ ಶಬ್ದ ತನಗೇ ಕೇಳಿಸಿತು. ಹೋಲಿಕೆ ಹೊಳೆದದ್ದಕ್ಕೇ ನಾಚಿಕೆಯಾಯಿತು.

‘ಈ ಹಾಳೆಯನ್ನೇ ಅಂಗಿಯ ಮೇಲೆ ಹಾಕಿಸೋಣ ಎಂದೆ,’ ಅರ್ನೆಸ್ಟೀನ್ ಹಾಳೆಯನ್ನು ಒಳಗಿಟ್ಟರು. ‘ರಾಸ್ಕೋ ಒಪ್ಪಲಿಲ್ಲ. ಆ ಹೆಸರು ಆ ಯಜಮಾನನಿಗಿಂತಲೂ ಹಳೆಯದಂತೆ, ಅದರ ಬುಡದಲ್ಲಿ ಇರೋನು ಒಬ್ಬ ಕೂಲಿಯವನಂತೆ, ಮುಳ್ಳಿನಲ್ಲಿ ಕೈ ಹರಿದುಕೊಂಡವನಂತೆ. ಹಾಗಾದರೆ ಆ ಹೆಸರು ಯಜಮಾನನಿಗಿಂತ ನಮಗೇ ಹೆಚ್ಚು ಸಲ್ಲುತ್ತೆ ಅಕ್ಕಾ, ಅಂದ. ಅವನು ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಮನೆಯವರೆಲ್ಲ ವೋಟ್ ಮಾಡಿದರು. ಕುದುರೆ ಗೆದ್ದಿತು.’ ‘ನಾನೂ ಕುದುರೆಗೇ ಹಾಕಿದೆ,’ ಎಂದು ತೊಡೆಯ ಮೇಲಿನ ಅಂಗಿಯ ಮಡಿಕೆಯನ್ನು ಬೆರಳಿನಿಂದ ತೀಡಿದರು. ‘ತೊಟ್ಟುಕೊಳ್ಳೋಕೆ ಧೈರ್ಯ ಬಂದಿಲ್ಲ, ಅಷ್ಟೆ. ಊಟ ಆದಮೇಲೆ ನೋಡೋಣ.’

ಇದನ್ನು ಅವನು ಎಣಿಸಿರಲಿಲ್ಲ. ಬೈಯುತ್ತಾರೆ, ಗುಮಾನಿ ಪಡುತ್ತಾರೆ, ಎಲ್ಲಿ ದಾಖಲೆ ಎಂದು ಕೇಳುತ್ತಾರೆ ಎಂದು ಕಾದಿದ್ದ, ಹಾಗಾಗಿದ್ದರೆ ಸಲೀಸು. ಕೆರೆಯ ಕಡೆಯಿಂದ ಬಾತುಕೋಳಿಗಳ ಜಗಳ ಕೇಳುತ್ತಿತ್ತು. ಸುಮ್ಮನಿದ್ದುಬಿಟ್ಟರೆ ಏನಾಗುತ್ತದೆ? ಊಟವಾಗುತ್ತದೆ, ಈ ಮುದುಕಿ ಅಂಗಿ ತೊಡುತ್ತಾರೆ, ಫೋಟೋ ತೆಗೆಯುತ್ತಾರೆ, ಆ ಕೂಸು ದೊಡ್ಡವಳಾಗಿ ತನ್ನ ಮಕ್ಕಳಿಗೆ ಕುದುರೆಯ ಕಥೆ ಹೇಳುತ್ತಾಳೆ, ನೂರು ವರ್ಷವಾದರೆ ಅದೇ ನಿಜವಾಗಿಬಿಡುತ್ತದೆ. ಎಷ್ಟು ಮನೆತನಗಳ ಕುದುರೆಗಳು ಹೀಗೇ ಹುಟ್ಟಿರಬಹುದೋ. ಈ ವಾದ ಎಷ್ಟು ಸೊಗಸಾಗಿತ್ತೆಂದರೆ ಅದು ಯಾರ ದನಿಯಲ್ಲಿ ಬರುತ್ತಿದೆ ಎಂದು ಕಿವಿಗೊಟ್ಟ: ಮೂಗಿನಲ್ಲಿ ಬರುತ್ತಿತ್ತು. ಅಷ್ಟರಲ್ಲಿ ರಾಸ್ಕೋ ಮೈಕ್ ಹಿಡಿದು ಊದಿ, ನಮ್ಮ ಹೆಸರನ್ನು ನಮಗೆ ಹುಡುಕಿಕೊಟ್ಟ ಗೆಳೆಯ ಈಗ ಮಾತಾಡುತ್ತಾನೆ ಎಂದರು. ಎಂಬತ್ತು ಜನ ಚಪ್ಪಾಳೆ ತಟ್ಟಿದರು. ಹರಿಣಿ ಕಲ್ಲಂಗಡಿಯ ಹೋಳು ಹಿಡಿದವಳು ತಿನ್ನದೆ ಅವನನ್ನೇ ನೋಡುತ್ತಿದ್ದಳು.

ಮೈಕ್ ಹಿಡಿದಾಗ ಗಂಟಲು ಅಭ್ಯಾಸದಂತೆ ಯಾವುದಾದರೂ ದನಿಗಾಗಿ ತಡಕಾಡಿತು. ಮಂತ್ರಿ ಇರಲಿಲ್ಲ, ಪುರೋಹಿತ ಇರಲಿಲ್ಲ. ಉಳಿದಿದ್ದದ್ದು ನಂಜನಗೂಡಿನ ಮೇಷ್ಟ್ರ ಮಗನ ಚಪ್ಪಟೆ ಇಂಗ್ಲಿಷು. ಅದರಲ್ಲೇ ಹೇಳಿದ: ಲಂಡನ್ನಿಗೆ ನಾನು ಬರೆಯಲಿಲ್ಲ. ಸರ್ ಪೆರಿಗ್ರಿನ್ ಎಂಬವನಿಲ್ಲ. ಕುದುರೆ ಇಲ್ಲ. ಫೋನ್ ಮಾಡಿದ್ದು ನಾನು, ತಮಾಷೆಗೆ. ನಿಮ್ಮ ಹೆಸರು ನಿಮಗೆ ಎಲ್ಲಿಂದ ಬಂತು ಎಂದು ನಾನು ಯೋಚಿಸಲಿಲ್ಲ. ನಾಲ್ಕು ತಿಂಗಳು ಹೇಳಲೂ ಇಲ್ಲ. ಇಷ್ಟೇ. ಕ್ಷಮಿಸಿ ಎನ್ನುವ ಹೊತ್ತಿಗೆ ಮೈಕ್ ಕಿರುಗುಟ್ಟಿ, ಆ ಒಂದು ಮಾತು ಯಾರಿಗೂ ಕೇಳಿಸಲಿಲ್ಲ.

ಸುಡುವ ಮಾಂಸದಿಂದ ಕೊಬ್ಬು ಕೆಂಡಕ್ಕೆ ಬಿದ್ದು ಚುಯ್ ಎಂದಿತು. ‘ಹಾಗಾದ್ರೆ ಕುದುರೆ ಸುಳ್ಳಾ?’ ಎಂದು ಒಂದು ಮಗು ಕೇಳಿತು, ಯಾರೋ ಅದರ ಬಾಯಿ ಮುಚ್ಚಿದರು. ರಾಸ್ಕೋ ಮೇಜಿನ ತುದಿಗೆ ಕೈಯೂರಿ ನಿಂತಿದ್ದರು. ಅವರು ಸಿಟ್ಟಾಗಿ ಕಾಣಲಿಲ್ಲ. ಮನೆ ನಂಬರು ಸರಿಯಾಗಿ ಕಾಣದಾಗ ಕಣ್ಣು ಕಿರಿದು ಮಾಡುತ್ತಾರಲ್ಲ, ಹಾಗೆ ನೋಡುತ್ತಿದ್ದರು.

‘ಅವತ್ತು ನಾನು ಪೆನ್ಸಿಲ್ ತರುತ್ತೇನೆ, ಒಂದು ನಿಮಿಷ ಇರಿ ಸರ್, ಎಂದೆನಲ್ಲ,’ ಎಂದರು. ‘ನೀನು ಕಾದೆಯಾ?’

‘ಕಾದೆ.’

‘ಬೇಗ ಸಿಗಲಿಲ್ಲ ಅದು. ಎಲ್ಲ ಡ್ರಾಯರ್ ಹುಡುಕಿದೆ.’

‘ನಾಲ್ಕು ನಿಮಿಷ,’ ಎಂದ ಸಿದ್ಧಲಿಂಗೇಶ. ಆ ನಾಲ್ಕು ನಿಮಿಷವನ್ನು ಅವನು ದಾಕ್ಷಾಯಿಣಿಗೂ ಹೇಳಿರಲಿಲ್ಲ. ಫೋನಿನೊಳಗೆ ಡ್ರಾಯರುಗಳು ತೆಗೆದು ಮುಚ್ಚುವ ಸದ್ದು, ಮುದುಕನ ಚಪ್ಪಲಿಯ ಸದ್ದು ದೂರವಾಗಿ ಹತ್ತಿರವಾದದ್ದು. ಫೋನ್ ಇಟ್ಟುಬಿಡಬಹುದಿತ್ತು. ಅವನು ನಲ್ಲಿಯಿಂದ ಒಂದು ಗುಟುಕು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಆಮೇಲೆ ಬರೆದುಕೊಳ್ಳಲು ಅನುಕೂಲವಾಗಲೆಂದು ನಿಧಾನವಾಗಿ, ಒಂದೊಂದೇ ಪದವಾಗಿ ಹೇಳಿದ್ದ.

‘ಮೂವತ್ತನಾಲ್ಕು ವರ್ಷ,’ ಎಂದರು ರಾಸ್ಕೋ, ಈಗ ಅವನಿಗಲ್ಲ, ಎಲ್ಲರಿಗೂ. ‘ಮೂವತ್ತನಾಲ್ಕು ವರ್ಷ ಊರಿಗೆಲ್ಲ ಕಾಗದ ಹಂಚಿದೆ. ಕೊನೆಗೆ ನನ್ನ ಹೆಸರಿಗೇ ಒಂದು ಬಂತು ಅಂದುಕೊಂಡೆ.’ ಹೇಳುತ್ತ ಹೇಳುತ್ತಲೇ ತುಟಿಯ ಒಂದು ಕೊನೆ ಅದುರಿತು, ಹೆಗಲು ಕುಲುಕಿತು, ಹೊಟ್ಟೆಯೊಳಗಿಂದ ನಗು ಹೊರಟಿತು. ‘ಬೇಲಿ ಕಡಿಯೋನಂತೆ! ರಾಜನಂತೆ!’ ಮೊದಲು ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಆಮೇಲೆ ಗ್ರಿಲ್ಲಿನ ಹತ್ತಿರ ನಿಂತಿದ್ದ ದಪ್ಪ ಸೋದರಳಿಯ ತನ್ನ ಎದೆಯ ಕುದುರೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಹೇಷಾರವ ಮಾಡಿದ. ಹೆಂಗಸರು ಕಿರುಚಿದರು, ಮಕ್ಕಳು ಕೆನೆಯತೊಡಗಿದರು, ಚಪ್ಪರವೆಲ್ಲ ನಗುವಾಯಿತು. ಎಲ್ಲರಿಗಿಂತ ಜೋರಾಗಿ ರಾಸ್ಕೋ ನಗುತ್ತಿದ್ದರು, ಬಾಗಿ, ಮೇಜು ಬಡಿದು, ಕಣ್ಣೊರೆಸಿಕೊಂಡು. ಉಳಿದವರ ನಗು ತಗ್ಗಿ, ಕೆಲವರು ತಟ್ಟೆಗಳ ಕಡೆ ತಿರುಗಿದ ಮೇಲೂ ಅವರದು ನಿಲ್ಲಲಿಲ್ಲ. ಅರ್ನೆಸ್ಟೀನ್ ಯಾವಾಗ ಕುರ್ಚಿಯಿಂದ ಎದ್ದು ಬಂದರೋ ಸಿದ್ಧಲಿಂಗೇಶ ನೋಡಿರಲಿಲ್ಲ. ಅವರು ನಗುತ್ತಿರಲಿಲ್ಲ. ತಮ್ಮನ ಪಕ್ಕದಲ್ಲಿ ನಿಂತು, ನಗುತ್ತಲೇ ಇದ್ದ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.